ರಿಮ್‌ವರ್ಲ್ಡ್‌ನಲ್ಲಿ ತೊಟ್ಟಿಮನೆ ಕಟ್ಟುವುದು ಹೇಗೆ

ರಿಮ್‌ವರ್ಲ್ಡ್ ಅಂದರೆ ದೂರದ ಗ್ರಹದಲ್ಲಿ ಸಿಕ್ಕಿಬಿದ್ದ ಕೆಲವರಿಗೆ ನೆಲೆ ಕಟ್ಟಿಕೊಡುವ ಕಂಪ್ಯೂಟರ್ ಆಟ. ಅದನ್ನು ಆಡುವವರು ಸೇರಿದರೆ ಮಾತೆಲ್ಲ ದಾಳಿ, ಗನ್, ಟರೆಟ್ ಇವುಗಳದ್ದೇ. ದಿನವಿಡೀ ಆಫೀಸಿನಲ್ಲಿ ಗುದ್ದಾಡಿ ಬಂದವನಿಗೆ ರಾತ್ರಿ ಮತ್ತೊಂದು ಯುದ್ಧ ಯಾಕೆ? ನನಗೆ ಬೇಕಿದ್ದುದು ಒಂದು ಮನೆ. ತೀರ್ಥಹಳ್ಳಿ ಹತ್ತಿರ ನಮ್ಮಜ್ಜಿಯ ತೊಟ್ಟಿಮನೆ ಇತ್ತು. ಪಾಲಾಗಿ, ಹಂಚು ಇಳಿಸಿ, ಈಗ ನಾಲ್ಕು ಕಂಬ ಉಳಿದಿವೆ. ಅದನ್ನೇ ಆಟದಲ್ಲಿ ಕಟ್ಟೋಣ ಅಂತ ಕೂತೆ. ಮೂರು ಸಲ ಕೆಟ್ಟಿತು, ನಾಲ್ಕನೇ ಸಲ ನಿಂತಿತು. ನೀವು ಸೀದಾ ನಾಲ್ಕನೆಯದರಿಂದ ಶುರು ಮಾಡಿ.

ಯಾವ ಘಟನೆ ಯಾವಾಗ ಬರಬೇಕು ಅಂತ ಆಟದಲ್ಲಿ ತೀರ್ಮಾನಿಸುವ 'ಕಥೆ ನಡೆಸುವವರು' ಇದ್ದಾರೆ, ಅವರಲ್ಲಿ ಫೀಬಿ ಚಿಲ್ಯಾಕ್ಸ್ ಆರಿಸಿ. ಒಂದು ಘಟನೆಗೂ ಇನ್ನೊಂದಕ್ಕೂ ನಡುವೆ ಆಕೆ ಉಸಿರಾಡಲು ಬಿಡುತ್ತಾಳೆ. ಕಷ್ಟದ ಮಟ್ಟ 'ಪೀಸ್‌ಫುಲ್' ಇರಲಿ. ಬೇಜಾರಾದರೆ ಆಟದ ನಡುವೆಯೇ ಆಪ್ಷನ್ಸ್‌ಗೆ ಹೋಗಿ ಒಂದು ಹಂತ ಏರಿಸಬಹುದು. ಪೀಸ್‌ಫುಲ್‌ನಲ್ಲಿ ಇನ್ನೊಂದು ಲಾಭವಿದೆ. ಮಾಮೂಲಿ ಆಟದಲ್ಲಿ ನಿಮ್ಮ ಆಸ್ತಿ ಬೆಳೆದಷ್ಟೂ ದಾಳಿ ದೊಡ್ಡದಾಗುತ್ತದೆ. ಹಾಗಾಗಿ ಜನ ಒಂದು ಶಿಲ್ಪ ಇಡಲೂ ಹಿಂದೆಮುಂದೆ ನೋಡುತ್ತಾರೆ. ಇಲ್ಲಿ ಆ ಭಯವಿಲ್ಲ. ಆದರೆ ಕಾಯಿಲೆ, ಬೆಂಕಿ, ಮಳೆ, ಜನರ ಮುನಿಸು ಇವೆಲ್ಲ ಇದ್ದೇ ಇರುತ್ತವೆ. ಶಾಂತಿ ಅಂದರೆ ಸುಮ್ನೆ ಕೂರುವುದಲ್ಲ.

ಇನ್ನು ಜಾಗ. ಮಲೆನಾಡಿನ ಮನೆ ಅಂದ ಕೂಡಲೇ ನಾನು ಟ್ರಾಪಿಕಲ್ ರೇನ್‌ಫಾರೆಸ್ಟ್ ಒತ್ತಿದೆ. ಮೊದಲ ಸೋಲು ಅದೇ. ಅಲ್ಲಿ ಮಲೇರಿಯಾ, ಸ್ಲೀಪಿಂಗ್ ಸಿಕ್‌ನೆಸ್ ಎಲ್ಲ ಜಾಸ್ತಿ. ಮೂರು ಜನರಲ್ಲಿ ಇಬ್ಬರು ಮಲಗಿದರು, ಮೂರನೆಯವನಿಗೆ ಡಾಕ್ಟರಿಕೆ ಬರುತ್ತಿರಲಿಲ್ಲ. ಟೆಂಪರೇಟ್ ಫಾರೆಸ್ಟ್ ತಗೊಳ್ಳಿ. ವರ್ಷವಿಡೀ ಬೆಳೆ ಬರುವ ಜಾಗ ಹುಡುಕಿ, ಸಣ್ಣ ಗುಡ್ಡ ಇರಲಿ. ಗುಡ್ಡ ಇಲ್ಲದಿದ್ದರೆ ಕಲ್ಲಿಗೆ ಬರ.

'ಕ್ರ್ಯಾಶ್‌ಲ್ಯಾಂಡೆಡ್' ಶುರುವಿನಲ್ಲಿ ಮೂರು ಜನ ಸಿಗುತ್ತಾರೆ. ಅವರ ಹೆಸರನ್ನು ಅಲ್ಲೇ ಬದಲಿಸಬಹುದು. ನನ್ನವರು ಪುಟ್ಟಮ್ಮ, ಗುಂಡಣ್ಣ, ಶೇಷಿ. ಒಬ್ಬರಿಗೆ ಬೇಸಾಯ, ಒಬ್ಬರಿಗೆ ಕಟ್ಟುವ ಕೆಲಸ, ಒಬ್ಬರಿಗೆ ಅಡುಗೆ ಚೆನ್ನಾಗಿ ಬರಬೇಕು. ಗುಂಡು ಹೊಡೆಯಲು ಯಾರಿಗೂ ಬರದಿದ್ದರೂ ನಡೆಯುತ್ತದೆ. ಆದರೆ ಸ್ವಭಾವದ ಪಟ್ಟಿಯನ್ನು ಪೂರ್ತಿ ಓದಿ. ಎರಡನೇ ಆಟದಲ್ಲಿ ನಾನು ಓದಿರಲಿಲ್ಲ. ಶೇಷಿ ಪೈರೋಮೇನಿಯಾಕ್. ಒಂದು ಮಧ್ಯಾಹ್ನ ತಲೆ ಕೆಟ್ಟು ತನ್ನ ಕೋಣೆಯಿಂದಲೇ ಕೊಳ್ಳಿ ಇಡಲು ಶುರು ಮಾಡಿದ. ಇಂಥವರು ಬೆಂಕಿ ಆರಿಸಲೂ ಕೈ ಹಾಕುವುದಿಲ್ಲ. ಗೋಡೆ, ಬಾಗಿಲು, ನೆಲ ಎಲ್ಲ ಮರದ್ದೇ. ಪುಟ್ಟಮ್ಮ ಒಂದು ಮೂಲೆ ಆರಿಸುವಷ್ಟರಲ್ಲಿ ಇನ್ನೆರಡು ಹೊತ್ತಿಕೊಂಡವು. ಶೇಷಿ ಮಾತ್ರ ಗದ್ದೆ ಬದಿಯಲ್ಲಿ ನಿಂತು ನೋಡುತ್ತಿದ್ದ.

ಅದಕ್ಕೇ ಗೋಡೆಗೆ ಕಲ್ಲು. ಕೈಯಲ್ಲಿರುವ 300 ಮರದಲ್ಲಿ ಒಂದು ಸಣ್ಣ ಗುಡಿಸಲು ಹಾಕಿ ಮಲಗಿಸಿ, ಸ್ಟೋನ್‌ಕಟಿಂಗ್ ಸಂಶೋಧನೆ ಮುಗಿಸಿ, ಕಲ್ಲು ಕಡಿಯುವ ಮೇಜು ಇಡಿ. ಒಂದು ಬಂಡೆಗೆ 20 ಸೈಜುಗಲ್ಲು ಬರುತ್ತದೆ, ಗೋಡೆಯ ಒಂದು ಚೌಕಕ್ಕೆ 5 ಬೇಕು. ಅಂದರೆ ಒಂದು ಬಂಡೆಗೆ ನಾಲ್ಕು ಚೌಕ ಗೋಡೆ. ಗೋಡೆಗೆ ಗ್ರಾನೈಟ್ ಗಟ್ಟಿ. ನೆಲಕ್ಕೆ ನಾನು ಮರಳುಗಲ್ಲಿನ ಟೈಲ್ ಹಾಕಿದೆ. ಕಾವಿ ನೆಲ ಅಲ್ಲ, ಆದರೆ ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿದರೆ ಹೌದು ಅನ್ನಿಸುತ್ತದೆ.

ಈಗ ತೊಟ್ಟಿ. ಇಲ್ಲಿ ಅವಸರ ಬೇಡ. ಪ್ಲಾನ್ ಟೂಲ್‌ನಲ್ಲಿ ಮೊದಲು ಗೆರೆ ಹಾಕಿಕೊಳ್ಳಿ. ಒಳಗಡೆ 11×11 ಚೌಕದ ಜಾಗ, ಅದರ ನಟ್ಟನಡುವೆ 7×7 ತೊಟ್ಟಿ. ಸುತ್ತ ಎರಡು ಚೌಕ ಅಗಲದ ಜಗಲಿ ಉಳಿಯುತ್ತದೆ. ಜಗಲಿಯ ಹೊರಗೆ ಒಳಗೋಡೆ: ಸುತ್ತಳತೆ 48 ಚೌಕ, 240 ಸೈಜುಗಲ್ಲು, 12 ಬಂಡೆ. ಅದರಾಚೆ ನಾಲ್ಕೂ ಕಡೆ ಕೋಣೆಗಳು. ಒಂದು ಬದಿ ಅಡುಗೆಮನೆ ಮತ್ತು ಉಗ್ರಾಣ, ಎರಡು ಬದಿ ಮಲಗುವ ಕೋಣೆ, ಮುಂದಿನ ಬದಿ ಹೆಬ್ಬಾಗಿಲು.

ಗೋಡೆ ಕೂಡಿದ ತಕ್ಷಣ ಆಟ ತಾನಾಗಿಯೇ ಮೇಲೆಲ್ಲ ಛಾವಣಿ ಹಾಕಿಸುತ್ತದೆ. ತೊಟ್ಟಿ ಮುಚ್ಚಿಹೋಗುತ್ತದೆ. ಆದ್ದರಿಂದ ಕೊನೆಯ ಕಲ್ಲು ಇಡುವ ಮೊದಲೇ ಮೆನುವಿನಲ್ಲಿ ಛಾವಣಿ ತೆಗೆಯುವ ಏರಿಯಾವನ್ನು ಆ 49 ಚೌಕದ ಮೇಲೆ ಎಳೆದುಬಿಡಿ. ಒಂದು ಕೋಣೆಯ ಕಾಲು ಭಾಗ ಆಕಾಶಕ್ಕೆ ತೆರೆದಿದ್ದರೆ ಆಟ ಅಲ್ಲಿಗೆ ಹೊರಗಿನ ಹವೆಯನ್ನೇ ಲೆಕ್ಕ ಹಿಡಿಯುತ್ತದೆ. 121ರಲ್ಲಿ 49 ತೆರೆದಿದೆ, ಅಂದರೆ ತೊಟ್ಟಿ, ಜಗಲಿ ಎರಡೂ ಹೊರಗಿನಷ್ಟೇ ಬಿಸಿ, ಹೊರಗಿನಷ್ಟೇ ಚಳಿ. ಮೂರನೇ ಸಲ ನಾನು ಎಡವಿದ್ದು ಇಲ್ಲೇ. ಅಜ್ಜಿಮನೆಯಲ್ಲಿ ಒಳಬಾಗಿಲು ಹಾಕಿದ್ದನ್ನೇ ನೋಡಿರಲಿಲ್ಲ ಅಂತ ಕೋಣೆಗಳಿಗೆ ಬಾಗಿಲೇ ಇಡಲಿಲ್ಲ. ಆಟಕ್ಕೆ ಅದೆಲ್ಲ ಸೇರಿ ಒಂದೇ ಕೋಣೆ! ಚಳಿಗಾಲದಲ್ಲಿ ಮೂವರೂ ಹಾಸಿಗೆಯಲ್ಲೇ ಮರಗಟ್ಟಿದರು. ಸಾಲದ್ದಕ್ಕೆ ಎಲ್ಲರಿಗೂ ಹಾಸ್ಟೆಲಿನಲ್ಲಿ ಮಲಗಿದ ಬೇಜಾರು. ಕೋಣೆಗೊಂದು ಬಾಗಿಲು ಇಡಿ, ಮರದ್ದೇ ಆಗಲಿ.

ಕಂಬದ ವಿಷಯ. ಲೆಕ್ಕಕ್ಕೆ ಕಂಬ ಬೇಕಿಲ್ಲ. ಆರು ಚೌಕದ ದೂರದವರೆಗೆ ಗೋಡೆಯೇ ಛಾವಣಿ ಹೊರುತ್ತದೆ, ಜಗಲಿ ಇರುವುದು ಎರಡೇ ಚೌಕ. ಆದರೆ ಕಂಬವಿಲ್ಲದ ತೊಟ್ಟಿಮನೆ ನೋಡಿದ್ದೀರಾ? ಜಗಲಿಯ ಅಂಚಿನಲ್ಲಿ ಮೂಲೆಗೊಂದು, ನಡುವೆ ಒಂದೊಂದು, ಒಟ್ಟು ಎಂಟು ನಿಲ್ಲಿಸಿದೆ. ಎಂಟೂ ಮರದವು. ಶೇಷಿಯ ನೆನಪಾದರೂ ಇಷ್ಟು ಮಾತ್ರ ಬಿಡಲಾಗಲಿಲ್ಲ.

ಊಟ ಸುಲಭ, ಭತ್ತ ಇದೆಯಲ್ಲ. ಮಾಮೂಲಿ ಮಣ್ಣಿನಲ್ಲಿ ಐದಾರು ದಿನಕ್ಕೆ ಬರುತ್ತದೆ, ಗಿಡಕ್ಕೆ 6 ಅಕ್ಕಿ. ಒಂದು ಸಾದಾ ಊಟಕ್ಕೆ 10 ಬೇಕು, ಒಬ್ಬರು ದಿನಕ್ಕೆ ಹತ್ತಿರ ಹತ್ತಿರ ಎರಡು ಊಟ ಮಾಡುತ್ತಾರೆ. ತಲೆಗೆ 20 ಚೌಕ ಬಿತ್ತಿದರೆ ಕೈ ಕಟ್ಟುವುದಿಲ್ಲ. ಕೊಟ್ಟಿಗೆ ಹೊರಗೆ, ಬೇಲಿ ಹಾಕಿ 'ಪೆನ್ ಮಾರ್ಕರ್' (ಇದು ದನದ ದೊಡ್ಡಿ ಅಂತ ಆಟಕ್ಕೆ ತಿಳಿಸುವ ಗುರುತು) ಇಟ್ಟರೆ ಆಯಿತು. ವ್ಯಾಪಾರಿಗಳು ಬಂದಾಗ ಹಸು ಇದ್ದರೆ ಬಿಡಬೇಡಿ. ಒಳ್ಳೆಯ ಊಟಕ್ಕೆ ಮಾಂಸದ ಜಾಗದಲ್ಲಿ ಹಾಲು ನಡೆಯುತ್ತದೆ. ಬ್ಯಾಟರಿ ಮಾತ್ರ ಛಾವಣಿಯ ಕೆಳಗೇ ಇರಲಿ, ಮಳೆಗೆ ನೆನೆದರೆ ಶಾರ್ಟ್ ಸರ್ಕ್ಯೂಟ್.

ಜಗಲಿಗೆ ಊಟದ ಮೇಜು, ಕುರ್ಚಿ ಹಾಕಿ. ಮೇಜಿಲ್ಲದೆ ಉಂಡರೆ ಮುಖ ಊದಿಸುತ್ತಾರೆ. ಆಟಕ್ಕೆ ಚೌಕಾಬಾರ ಇಲ್ಲ, ಆದರೆ 'ಗೇಮ್ ಆಫ್ ಉರ್' ಮಣೆ ಇದೆ. ಅದೂ ಕಾಯಿ ನಡೆಸುವ ಆಟವೇ, ನನಗೆ ಸಾಕು. ಇವೆಲ್ಲವನ್ನೂ ತೊಟ್ಟಿಯ ನಡುವೆ ಇಡಬೇಡಿ. ಮೊದಲ ಮಳೆಗೇ ಗೊತ್ತಾಗುತ್ತದೆ. ಅಡುಗೆಮನೆಯಿಂದ ಕೋಣೆಗೆ ಹೋಗುವವರು ಹತ್ತಿರದ ದಾರಿ ಅಂತ ತೊಟ್ಟಿ ದಾಟಿಯೇ ಹೋಗುತ್ತಾರೆ, ತೊಪ್ಪೆಯಾಗಿ ಬೇಜಾರು ಮಾಡಿಕೊಳ್ಳುತ್ತಾರೆ. ಬೈದರೆ ಕೇಳುವವರಲ್ಲ. ನಾನು ತೊಟ್ಟಿಯ ಅಂಚಿಗೆ ಹೂಕುಂಡ ಸಾಲಾಗಿಟ್ಟು ಗುಲಾಬಿ ನೆಟ್ಟೆ. ಕುಂಡ ದಾಟಲು ಹೊತ್ತು ಹಿಡಿಯುವುದರಿಂದ ಈಗ ಬಹುತೇಕ ಜಗಲಿ ಸುತ್ತಿಯೇ ಓಡಾಡುತ್ತಾರೆ. ಗುಂಡಣ್ಣ ಮಾತ್ರ ಒಂದೊಂದು ಸಲ ನೆನೆದುಕೊಂಡೇ ಊಟಕ್ಕೆ ಬರುತ್ತಾನೆ.