ಎರಡನೇ ಸಲ ಕೀ ತಿರುಗಿಸಬಾರದಿತ್ತು

ನನ್ನ ಹಳೆಯ ಕಾರಿನ ಎಂಜಿನ್ ಕೆಡಿಸಿದ್ದು ನಾನೇ. ರಾತ್ರಿ ಹೊತ್ತು, ಅಂಡರ್‌ಪಾಸ್‌ನಲ್ಲಿ ನೀರು ನಿಂತಿತ್ತು. ಮುಂದೆ ಹೋದ ಜೀಪು ಆರಾಮಾಗಿ ದಾಟಿತು, ಸರಿ ನಾನೂ ದಾಟುತ್ತೇನೆ ಅಂತ ಇಳಿಸಿಬಿಟ್ಟೆ. ಅದರ ಎತ್ತರ ಬೇರೆ, ನನ್ನ ಪುಟ್ಟ ಹ್ಯಾಚ್‌ಬ್ಯಾಕಿನ ಎತ್ತರ ಬೇರೆ ಅನ್ನೋದು ತಲೆಗೇ ಹೋಗಲಿಲ್ಲ. ನಡುಮಧ್ಯಕ್ಕೆ ಬಂದಾಗ ಎದುರಿಂದ ಬಸ್ಸು ಬಂತು, ಅದು ಎಬ್ಬಿಸಿದ ಅಲೆ ಬಾನೆಟ್ ಮೇಲೇ ಹತ್ತಿತು, ಎಂಜಿನ್ ಆಫ್. ಗಾಬರಿಯಲ್ಲಿ ಮತ್ತೆ ಕೀ ತಿರುಗಿಸಿದೆ. ಒಂದು ಕ್ಷಣ ಹೊತ್ತಿಕೊಂಡ ಹಾಗಾಯಿತು, ಆಮೇಲೆ ಒಳಗಿಂದ ಲಟಕ್ ಅಂತ ಸದ್ದು. ಅಷ್ಟೇ.

ಮೆಕ್ಯಾನಿಕ್ ಏರ್ ಫಿಲ್ಟರ್ ತೆಗೆದು ಹಿಂಡಿದ, ಒದ್ದೆ ಟವೆಲ್ ಹಿಂಡಿದ ಹಾಗೆ ನೀರು ಸುರಿಯಿತು. ಎಂಜಿನ್ ಬಿಚ್ಚಿದ ಮೇಲೆ ಬಾಗಿದ ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನಿಗೆ ಜೋಡಿಸಿದ ಸರಳು, ಕೈಗೆ ಕೊಟ್ಟ. ಪಿಸ್ಟನ್ ಗಾಳಿಯನ್ನು ಅದುಮುತ್ತದೆ, ನೀರನ್ನು ಅದುಮೋಕೆ ಆಗಲ್ಲ, ಅದಕ್ಕೇ ರಾಡ್ ಬಾಗುತ್ತದೆ. ಇದಕ್ಕೆ ಹೈಡ್ರೋಲಾಕ್ ಅಂತಾರೆ. ಆಫ್ ಆದಾಗಲೇ ಸುಮ್ನೆ ಬಿಟ್ಟು ಎಳೆಸಿಕೊಂಡು ಹೋಗಿದ್ದರೆ ನೀರು ತೆಗೆದು ಒಣಗಿಸಿ ಸರಿಮಾಡಬಹುದಿತ್ತೇನೋ.

ಈಗಿನ ಕಾರು ತಗೊಂಡ ದಿನವೇ ಬಾನೆಟ್ ಎತ್ತಿ, ಗಾಳಿ ಎಳೆಯುವ ಪೈಪಿನ ಬಾಯಿ ಎಲ್ಲಿದೆ ಅಂತ ಹುಡುಕಿ, ನೆಲದಿಂದ ಅದರ ಎತ್ತರವನ್ನು ಟೇಪ್ ಹಿಡಿದು ಅಳೆದೆ. ನೀರು ಎಂಜಿನ್‌ಗೆ ನುಗ್ಗುವುದು ಅಲ್ಲಿಂದಲೇ. ಆದರೂ ಆ ಎತ್ತರವನ್ನು ನಾನು ನಂಬುವುದಿಲ್ಲ, ಒಂದು ಅಲೆ ಬಂದರೆ ಲೆಕ್ಕ ತಲೆಕೆಳಗು. ನಿಂತ ನೀರು 15 ಸೆಂ.ಮೀ.ಗಿಂತ ಜಾಸ್ತಿ ಅನ್ನಿಸಿದರೆ ಇಳಿಯುವುದಿಲ್ಲ. ಹರಿಯುವ ನೀರಿಗಂತೂ ಇಳಿಯುವುದೇ ಇಲ್ಲ. ಹರಿವು 30 ಸೆಂ.ಮೀ. ಇದ್ದರೆ ಚಿಕ್ಕ ಕಾರು ತೇಲಬಹುದು, 60 ಸೆಂ.ಮೀ. ಇದ್ದರೆ ಎಸ್‌ಯುವಿಯನ್ನೂ ಕೊಚ್ಚಿಕೊಂಡು ಹೋಗಬಹುದು. ಆಳ ತಿಳಿಯೋಕೆ ಫುಟ್‌ಪಾತ್ ಅಂಚಿನ ಕಲ್ಲು ನೋಡುತ್ತೇನೆ. ಕಲ್ಲು ಕಾಣದಿದ್ದರೆ ವಾಪಸ್. ಇಳಿದು ನಡೆದು ನೋಡುವ ಸಾಹಸ ಬೇಡ, ಮ್ಯಾನ್‌ಹೋಲ್ ಮುಚ್ಚಳ ಎಲ್ಲಿ ಎದ್ದಿದೆಯೋ ಯಾರಿಗೆ ಗೊತ್ತು.

ದಾಟಬಹುದು ಅನ್ನಿಸಿದರೆ ಎದುರಿನ ಗಾಡಿ ಪೂರ್ತಿ ಬಂದು ಹೋಗೋವರೆಗೆ ಕಾಯುತ್ತೇನೆ. ರಸ್ತೆ ಸಾಮಾನ್ಯವಾಗಿ ನಡುವೆ ಸ್ವಲ್ಪ ಉಬ್ಬಿರುತ್ತದೆ, ಅಲ್ಲೇ ಹೋಗುತ್ತೇನೆ. ಫಸ್ಟ್ ಗೇರ್, ಜನ ನಡೆಯುವ ವೇಗ, ಆಕ್ಸಿಲರೇಟರ್ ಒಂದೇ ಸಮ. ಮಧ್ಯದಲ್ಲಿ ಗೇರ್ ಬದಲಿಸುವುದಿಲ್ಲ, ಕಾಲು ಎತ್ತುವುದಿಲ್ಲ. ಆಟೋಮ್ಯಾಟಿಕ್ ಆದರೆ ಎಲ್ (ಲೋ ಗೇರ್) ಅಥವಾ ಮ್ಯಾನುಯಲ್ ಒಂದಕ್ಕೆ ಹಾಕಿ. ಆಚೆ ಬಂದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಬೇಕು. ಒಮ್ಮೆ ಮರೆತಿದ್ದೆ, ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಹಿಡಿಯಲಿಲ್ಲ, ಎದೆ ಧಸಕ್ ಅಂತು.

ನೀರು ಏರುವ ಜಾಗದಲ್ಲಿ ಗಾಡಿ ನಿಂತರೆ ಗಾಡಿ ಚಿಂತೆ ಬಿಡಿ. ಬೆಲ್ಟ್ ಬಿಚ್ಚಿ, ಕರೆಂಟ್ ಇರುವಾಗಲೇ ಕಿಟಕಿ ಇಳಿಸಿ, ಅಲ್ಲಿಂದಲೇ ಹೊರಗೆ ಬನ್ನಿ. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯೋದು ಕಷ್ಟ. ಮುಂದಿನ ಗಾಜು ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಒಡೆದು ಹೊರಬರೋಕೆ ಆಗಲ್ಲ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಕೆಲವು ಹೊಸ ಕಾರುಗಳಲ್ಲಿ ಪಕ್ಕದ್ದೂ ಲ್ಯಾಮಿನೇಟೆಡ್ ಇರುತ್ತದೆ, ಗಾಜಿನ ಮೂಲೆಯಲ್ಲಿ ಬರೆದಿರುತ್ತಾರೆ, ಇವತ್ತೇ ನೋಡಿಕೊಳ್ಳಿ. ಗಾಜು ಒಡೆಯುವ ಸುತ್ತಿಗೆ ಕೈಗೆ ಸಿಗುವ ಕಡೆ ಇರಲಿ. ನಾನು ಅದನ್ನು ಒಂದು ವರ್ಷ ಡಿಕ್ಕಿಯಲ್ಲಿ ಇಟ್ಟಿದ್ದೆ, ನಗಬೇಡಿ.

ಕಳೆದ ಮಳೆಗಾಲದಲ್ಲಿ ಅಂಥದ್ದೇ ಅಂಡರ್‌ಪಾಸ್ ಎದುರಾಯಿತು. ಕಲ್ಲು ಮುಳುಗಿತ್ತು, ರಿವರ್ಸ್ ಹಾಕಿದೆ. ಹಿಂದಿನವನು ಹಾರ್ನ್ ಹೊಡೆದಿದ್ದೇ ಹೊಡೆದಿದ್ದು. ಪಕ್ಕಕ್ಕೆ ತೆಗೆದು ದಾರಿ ಬಿಟ್ಟೆ. ಅವನು ಮುಂದೆ ಬಂದು ಹೆಡ್‌ಲೈಟಲ್ಲಿ ನೀರು ನೋಡಿದ, ಒಂದು ನಿಮಿಷ ಹಾಗೇ ನಿಂತ, ಆಮೇಲೆ ಅವನೂ ಗಾಡಿ ತಿರುಗಿಸಿದ.