ಗ್ಯಾಸ್ ಜ್ವಾಲೆಯಲ್ಲೇ ಹದಕ್ಕೆ ಬಂದ ಸಿಲಿಂಡರ್ ತಂತಿ

ಹತ್ತಿಯ ಎಳೆ ಬಿಡಿಸಿ ಬಾಚುವ ಯಂತ್ರ ಕಾರ್ಡು. ಅದರ ದೊಡ್ಡ ಉರುಳೆಯೇ ಸಿಲಿಂಡರ್, ಅದರ ಮೈಗೆ ಗರಗಸದ ಹಲ್ಲಿನ ತಂತಿ ಸುತ್ತಿರುತ್ತದೆ. ಇಂಡಕ್ಷನ್ ಮೆಷಿನ್ (ಕರೆಂಟಿನಿಂದ ಲೋಹ ಕಾಯಿಸುವ ಯಂತ್ರ) ಇಲ್ಲದೆ ಈ ತಂತಿ ಮಾಡಲಿಕ್ಕೆ ಆಗುವುದಿಲ್ಲ ಅಂದವರೇ ಜಾಸ್ತಿ. ಹತ್ತಿ ಒಳಗೆಳೆಯುವ ಉರುಳೆ ಲಿಕ್ಕರ್-ಇನ್, ಹೊರತೆಗೆಯುವ ಉರುಳೆ ಡಾಫರ್ ತನಕ ಸರಿ, ಸಿಲಿಂಡರಿಗೆ ಮಾತ್ರ ಕೈ ಹಾಕಬೇಡಿ ಅಂದರು. ಈಗ ನಮ್ಮ ತಂತಿ ಸುತ್ತಿದ ಒಂದು ಹಳೇ ಕಾರ್ಡು ಹತ್ತು ತಿಂಗಳಿಂದ ಎರಡು ಪಾಳಿ ಓಡುತ್ತಿದೆ. ಗಂಟೆಗೆ 15 ಕೆಜಿ ಹಿಡಿದರೂ 60 ಟನ್ ಹತ್ತಿ ದಾಟಿದೆ. ಹಲ್ಲಿನ ತುದಿಗೆ ಗ್ರೈಂಡಿಂಗ್ ಆಗಿದ್ದು ಎರಡೇ ಸಲ.

ನಾವು ಹಿಡಿದ ಅಳತೆ: ಎತ್ತರ 2.5 ಮಿ.ಮೀ., ಬುಡದ ದಪ್ಪ 0.7, ಪಿಚ್ (ಹಲ್ಲಿನಿಂದ ಹಲ್ಲಿಗೆ ದೂರ) 1.8, ಹಲ್ಲು ಮುಂದಕ್ಕೆ ವಾಲಿದ ಕೋನ 25 ಡಿಗ್ರಿ. ಒಂದು ಚದರ ಇಂಚಿನ 645 ಚದರ ಮಿ.ಮೀ.ಯನ್ನು 0.7 ಮತ್ತು 1.8ರ ಗುಣಲಬ್ಧದಿಂದ ಭಾಗಿಸಿದರೆ ಚದರ ಇಂಚಿಗೆ 512 ಹಲ್ಲು. ಹೊಸ ಕಾರ್ಡುಗಳಲ್ಲಿ 800-1000 ಹಾಕುವವರಿಗೆ ಇದು ಒರಟು ಅನಿಸುತ್ತದೆ. ಆದರೆ ಜಯಧರ ಹತ್ತಿಯಂಥ ಗಿಡ್ಡ, ದಪ್ಪ ಎಳೆಗೆ, ಕಡಿಮೆ ಕೌಂಟಿನ ದಪ್ಪ ನೂಲಿಗೆ ಇಷ್ಟು ಸಾಕು. ಡಿಸಿಎಚ್-32 ಹತ್ತಿಯಂಥ ಉದ್ದನೆಯ ಸಣ್ಣ ಎಳೆಗೆ ಇದನ್ನು ಹಾಕಲೇಬಾರದು. ಒಂದು ಸಲ ಹಾಕಿ ನೋಡಿದ್ದಾಯಿತು, ಹೊರಬರುವ ಹತ್ತಿಯ ತೆಳು ಹಾಳೆ (ವೆಬ್) ತುಂಬ ಎಳೆಯ ಗಂಟು (ನೆಪ್ಸ್).

1290 ಮಿ.ಮೀ. ವ್ಯಾಸ, ಒಂದು ಮೀಟರ್ ಅಗಲದ ಸಿಲಿಂಡರಿಗೆ ಸುಮಾರು 1430 ಸುತ್ತು. ಅಂದರೆ 5800 ಮೀಟರ್ ತಂತಿ, 32 ಲಕ್ಷ ಹಲ್ಲು. ನಿಮಿಷಕ್ಕೆ 1000 ಹೊಡೆತದ ಪ್ರೆಸ್ಸಿನಲ್ಲಿ, ಹೊಡೆತಕ್ಕೊಂದು ಹಲ್ಲು ಕತ್ತರಿಸುತ್ತ, ನಿಲ್ಲಿಸದೆ ಓಡಿಸಿದರೂ 53 ಗಂಟೆ. ಈ ಲೆಕ್ಕ ಮೊದಲೇ ತಲೆಯಲ್ಲಿದ್ದರೆ ಹಲ್ಲು ಕತ್ತರಿಸುವ ಪಂಚಿಗೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಹಾಕುವ ಯೋಚನೆಯೇ ಬರುವುದಿಲ್ಲ. ನಾವು ಹಾಕಿದೆವು. ಲಕ್ಷ ಹೊಡೆತಕ್ಕೆ ಮೂಲೆ ಉರುಟಾಗಿ ಹಲ್ಲಿನ ಒಂದು ಮಗ್ಗುಲಿಗೆ ಬರ್ (ಒರಟು ಅಂಚು) ಏಳುತ್ತಿತ್ತು. ಆ ಬರ್ ಎಳೆಯನ್ನು ಹಿಡಿದುಕೊಂಡು ಬಿಡುವುದಿಲ್ಲ, ಸಿಲಿಂಡರ್ ತುಂಬಿಕೊಳ್ಳುತ್ತದೆ. ಕಾರ್ಬೈಡಿಗೆ ಬಂದ ಮೇಲೆ ಮೂರು ಮೂರೂವರೆ ಲಕ್ಷಕ್ಕೊಮ್ಮೆ ಸಾಣೆ. ಪಂಚಿಗೆ ಸುಮಾರು ಮೂರು ಸಾವಿರ ಬಿತ್ತು, ಆದರೆ ಒಂದು ಪಂಚಿಗೆ ಹತ್ತು ಹನ್ನೆರಡು ಸಾಣೆ ಸಿಗುತ್ತದೆ. ಪಂಚಿಗೂ ಕೆಳಗಿನ ಡೈಗೂ ನಡುವಿನ ಸಂದು ಒಂದೊಂದು ಕಡೆಗೆ 0.015 ಮಿ.ಮೀ.; 0.03 ಆದರೆ ಮತ್ತೆ ಅದೇ ಬರ್.

ಕಚ್ಚಾ ಮಾಲು ಶೇ. 0.75-0.80 ಕಾರ್ಬನ್ನಿನ, 1.2 ಮಿ.ಮೀ. ಒಳಗಿನ ಉರುಟು ಉಕ್ಕಿನ ತಂತಿ. ರೋಲುಗಳ ನಡುವೆ ಐದು ಪಾಸಿನಲ್ಲಿ ಚಪ್ಪಟೆ ಮಾಡಿ, ಬುಡ ದಪ್ಪ, ಅಲಗು ತೆಳು ಆಗುವ ಹಾಗೆ ಎಳೆಯುತ್ತೇವೆ. ಅಲಗು ತೆಳುವಾದಷ್ಟೂ ಉದ್ದ ಬೆಳೆಯುತ್ತದೆ, ಬುಡ ಬೆಳೆಯುವುದಿಲ್ಲ. ಹಾಗಾಗಿ ರೋಲಿನಿಂದ ಹೊರಬಿದ್ದ ತಂತಿ ಕುಡುಗೋಲಿನ ಹಾಗೆ ಬಾಗಿರುತ್ತದೆ. ಬುಡ ಒಳಗಾಗಿ ಸ್ವಲ್ಪ ಬಾಗಿದ್ದರೆ ಅನುಕೂಲವೇ, ಸುತ್ತುವಾಗ ಕೂರುತ್ತದೆ. ಅಡ್ಡಕ್ಕೆ ಬಾಗಿದರೆ ಮಾತ್ರ ಹಲ್ಲೆಲ್ಲ ಪಕ್ಕದ ಸುತ್ತಿನ ಮೇಲೆ ಒರಗಿ ನಿಲ್ಲುತ್ತದೆ. ಮೊದಲ ಎರಡು ಕಾಯಿಲ್ ಹೀಗೇ ಸ್ಕ್ರ್ಯಾಪಿಗೆ ಹೋದವು. ಅಲಗನ್ನು ಒಂದೇ ಪಾಸಿನಲ್ಲಿ ತೆಳು ಮಾಡುವ ಆಸೆ ಬಿಟ್ಟು, ಪ್ರತಿ ಪಾಸಿನಲ್ಲೂ ಬುಡಕ್ಕೂ ಅದೇ ಪ್ರಮಾಣದ ಒತ್ತು ಕೊಟ್ಟ ಮೇಲೆ ಸರಿಹೋಯಿತು. ಕೊನೆಗೆ ಎರಡು ದಿಕ್ಕಿನ ನೆಟ್ಟಗೆ ಮಾಡುವ ರೋಲರ್, ಅಡ್ಡಕ್ಕೆ ಏಳು, ನಿಲುವಿಗೆ ಐದು.

ಪಿಚ್ ತಪ್ಪುವುದು ಇನ್ನೊಂದು ಕಾಟ. ಫೀಡ್ ರೋಲರಿಗೆ ಚೂರು ಎಣ್ಣೆ ತಗುಲಿದರೆ ತಂತಿ ಜಾರುತ್ತದೆ. ಒಂದು ಹಲ್ಲು ಅಗಲ, ಮುಂದಿನದು ಸೂಜಿ. ರೋಲರಿಗೆ ಗೀರು ಹಾಕಿಸಿದೆವು, ತಂತಿಯ ಮೈಗೆ ಗಾಯವಾಯಿತು. ಕೊನೆಗೆ ಹಿಂದಿನ ಹಲ್ಲಿನ ಸಂದಿಯೊಳಗೆ ಇಳಿಯುವ ಒಂದು ಬೆರಳನ್ನು ಪಂಚಿನ ಜತೆಗೇ ಕೂರಿಸಿದೆವು. ಹೊಡೆತಕ್ಕೆ ಮುಂಚೆ ಬೆರಳು ಸಂದಿಗೆ ಇಳಿದು ತಂತಿಯನ್ನು ಜಾಗಕ್ಕೆ ತಂದು ನಿಲ್ಲಿಸುತ್ತದೆ, ಆಮೇಲೆ ಪಂಚ್ ಬೀಳುತ್ತದೆ. ಬೆರಳಿನ ತುದಿಯ ಆಕಾರ ಏನು, ಎಷ್ಟು ಮುಂಚೆ ಇಳಿಯಬೇಕು ಅನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ಅದಕ್ಕೇ ನಾಲ್ಕು ತಿಂಗಳು ಹೋಗಿದೆ.

ಇನ್ನು ಹದದ ವಿಷಯ, ಅಂದರೆ ಹಲ್ಲನ್ನು ಜ್ವಾಲೆಯಲ್ಲಿ ಕಾಯಿಸಿ ಎಣ್ಣೆಯಲ್ಲಿ ತಣಿಸಿ ಗಟ್ಟಿ ಮಾಡುವುದು. ಗಡಸುತನದ ಅಳತೆಯಲ್ಲಿ ಹಲ್ಲಿನ ತುದಿ 750ರಿಂದ 800 ವಿಕರ್ಸ್ ಬರಬೇಕು, ಬುಡ 200ರ ಆಸುಪಾಸಿನಲ್ಲೇ ಮೆತ್ತಗಿರಬೇಕು. ಈ ಎರಡರ ನಡುವೆ ಇರುವುದು ಒಂದೂವರೆ ಮಿ.ಮೀ. ಮಾತ್ರ. ಬುಡಕ್ಕೂ ಹದ ಏರಿದರೆ ಸುತ್ತುವಾಗ ತಂತಿ ಪಟಕ್ಕನೆ ಮುರಿಯುತ್ತದೆ.

ಮೊದಲ ತಿಂಗಳುಗಳಲ್ಲಿ ತುದಿ 450 ದಾಟಲೇ ಇಲ್ಲ. ಎಣ್ಣೆ ಬದಲಿಸಿದೆವು, ಜ್ವಾಲೆಗೆ ಆಕ್ಸಿಜನ್ ಏರಿಸಿದೆವು, ತುದಿ ಸುಟ್ಟು ಉಂಡೆಯಾಯಿತೇ ಹೊರತು ಗಟ್ಟಿಯಾಗಲಿಲ್ಲ. ತಪ್ಪು ಎರಡು ಕಡೆ ಇತ್ತು. ಒಂದು, ಅನೀಲಿಂಗ್ (ತಂತಿಯನ್ನು ಕಾಯಿಸಿ ಮೆತ್ತಗೆ ಮಾಡುವುದು). ತೆರೆದ ಕುಲುಮೆಯಲ್ಲಿ ಕಾಯಿಸಿದ್ದರಿಂದ ತಂತಿಯ ಮೈಯ ಕಾರ್ಬನ್ ಸುಟ್ಟುಹೋಗಿತ್ತು. ಉರುಟು ತಂತಿಯಲ್ಲಿ 0.03 ಮಿ.ಮೀ. ಪದರ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹಲ್ಲಿನ ತುದಿಯ ದಪ್ಪವೇ 0.15. ಎರಡೂ ಮಗ್ಗುಲಿಗೆ 0.03 ಹೋದರೆ ಐದರಲ್ಲಿ ಎರಡು ಪಾಲು ಬರೀ ಮೆತ್ತನೆ ಕಬ್ಬಿಣ. ಅದಕ್ಕೆ ಯಾವ ಎಣ್ಣೆ ಏನು ಮಾಡೀತು? ಈಗ ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿದ ಡಬ್ಬಿಯಲ್ಲಿ, ಕಾಯಿಲ್ ಸುತ್ತ ಇದ್ದಿಲ ಚೂರು ಮತ್ತು ಬೀಡುಕಬ್ಬಿಣದ ಟರ್ನಿಂಗ್ ಸಿಪ್ಪೆ ತುಂಬಿ, 700 ಡಿಗ್ರಿ ದಾಟದಂತೆ ಏಳೆಂಟು ಗಂಟೆ ಇಟ್ಟು, ಡಬ್ಬಿಯಲ್ಲೇ ಆರಿಸುತ್ತೇವೆ.

ಎರಡನೆಯದು ಜ್ವಾಲೆಗೂ ಎಣ್ಣೆಗೂ ನಡುವಿನ ದೂರ. ನಿಮಿಷಕ್ಕೆ 10 ಮೀಟರ್ ವೇಗದಲ್ಲಿ 60 ಮಿ.ಮೀ. ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಅಷ್ಟರಲ್ಲಿ ಕಾಗದದಷ್ಟು ತೆಳು ಇರುವ ತುದಿ ನೂರು ಡಿಗ್ರಿ ಕಳೆದುಕೊಂಡಿರುತ್ತದೆ. ಕತ್ತಲಲ್ಲಿ ನಿಂತು ನೋಡಿದರೆ ಕಣ್ಣಿಗೇ ಕಾಣುತ್ತದೆ: ಬರ್ನರ್ ಬಾಯಲ್ಲಿ ಕಿತ್ತಳೆ ಕೆಂಪು, ಎಣ್ಣೆ ಮುಟ್ಟುವ ಹೊತ್ತಿಗೆ ತುದಿ ಮಾತ್ರ ಕಪ್ಪಾಗಲು ಶುರು, ಹೊಟ್ಟೆ ಇನ್ನೂ ಕೆಂಪು. ದೂರವನ್ನು 15 ಮಿ.ಮೀ.ಗೆ ಇಳಿಸಿದ ದಿನವೇ 700 ದಾಟಿತು. ಅಷ್ಟು ಹತ್ತಿರ ಇಟ್ಟರೆ ಎಣ್ಣೆಗೆ ಬೆಂಕಿ ಹತ್ತುತ್ತದೆ, ಎರಡು ಸಲ ಹೊತ್ತಿಕೊಂಡೂ ಇತ್ತು. ನಡುವೆ ತೆಳುವಾದ ನೈಟ್ರೋಜನ್ ಪರದೆ ಬಿಟ್ಟ ಮೇಲೆ ನಿಂತಿತು.

ಜ್ವಾಲೆಯನ್ನು ಮೇಲಿನಿಂದ ಬಿಡಬಾರದು. ಎರಡೂ ಮಗ್ಗುಲಿನಿಂದ, ಹಲ್ಲಿನ ನಡುಭಾಗಕ್ಕೆ ಬೀಳಬೇಕು. ತುದಿ ತಾನಾಗಿಯೇ ಕಾಯುತ್ತದೆ. ಬುಡ ಮಾತ್ರ ನೀರು ಹರಿಯುವ ತಾಮ್ರದ ಕಟ್ಟೆಯ ಸೀಳಿನಲ್ಲಿ ಹೂತು ಓಡಬೇಕು. ಸೀಳು ಸವೆದು 0.1 ಸಡಿಲವಾದರೆ ತಾಮ್ರ ಬುಡವನ್ನು ಮುಟ್ಟುವುದಿಲ್ಲ, ಹದ ಬುಡಕ್ಕೂ ಇಳಿಯುತ್ತದೆ. ವಾರಕ್ಕೊಮ್ಮೆ ಗೇಜ್ ಹಾಕಿ ನೋಡಿ. ಬರ್ನರಿನ ತೂತು ಎಷ್ಟು, ಹೇಗೆ ಜೋಡಿಸಿದ್ದು ಅನ್ನುವುದು ನಮ್ಮಲ್ಲೇ ಇರಲಿ.

ಆಮೇಲೆ 160 ಡಿಗ್ರಿ ಎಣ್ಣೆಯಲ್ಲಿ ಒಂದು ಗಂಟೆ ಟೆಂಪರ್ (ಪೆಡಸುತನ ಇಳಿಸಲು ಮತ್ತೆ ಕಾಯಿಸುವುದು). ವಿಕರ್ಸ್ ಮೆಷಿನ್ ಇಲ್ಲದವರು ಒಂದು ಹಲ್ಲನ್ನು ಸಣ್ಣ ಇಕ್ಕಳದಲ್ಲಿ ಹಿಡಿದು ಮಗ್ಗುಲಿಗೆ ಬಗ್ಗಿಸಿ. ಮೇಲಿನ ಭಾಗ ಟಿಕ್ ಎಂದು ಮುರಿಯಬೇಕು, ಉಳಿದ ಮೊಂಡು ಬುಡದ ಹತ್ತಿರ ಮುರಿಯದೆ ಬಾಗಬೇಕು. ಪೂರ್ತಿ ಬಾಗಿದರೆ ಹದ ಸಾಲದು, ಬುಡದಿಂದಲೇ ಹಾರಿದರೆ ಹದ ಹೆಚ್ಚು.

ಸುತ್ತುವಾಗ ಎಳೆತ 10-12 ಕೆಜಿ ಸಾಕು. ಈ ಬುಡ ಸುಮಾರು 22 ಕೆಜಿಗೇ ಉದ್ದವಾಗಲು ಶುರುಮಾಡುತ್ತದೆ, ಬಿಗಿ ಇರಲಿ ಎಂದು 18 ಕೊಟ್ಟ ಒಂದು ಸಿಲಿಂಡರಿನಲ್ಲಿ ವೆಲ್ಡ್ ಇದ್ದ ಕಡೆಯೆಲ್ಲ ಕಿತ್ತುಬಂತು. ಎರಡೂ ತುದಿಯ ನಾಲ್ಕೈದು ಸುತ್ತಿಗೆ ಮಾತ್ರ ಸ್ವಲ್ಪ ಜಾಸ್ತಿ ಕೊಡಿ. ಸಿಲಿಂಡರಿಗೂ ಡಾಫರಿಗೂ ನಡುವಿನ ಗೇಜು 5 ಥೌ (ಇಂಚಿನ ಸಾವಿರದ ಐದು ಭಾಗ), ಸಿಲಿಂಡರಿನ ಮೇಲಿರುವ ಬಾಚುವ ಪಟ್ಟಿ ಫ್ಲ್ಯಾಟಿಗೆ 10 ಥೌ. ಮೊದಲ ವಾರ 12ರಲ್ಲೇ ಓಡಿಸಿ ಆಮೇಲೆ ಇಳಿಸಿದ್ದು ಒಳ್ಳೆಯದಾಯಿತು.

ಖರ್ಚು ಕೇಳುವವರಿಗೆ: ಒಂದು ಸಿಲಿಂಡರಿಗೆ ಕಚ್ಚಾ ತಂತಿ 55 ಕೆಜಿ, ಎಂಟು ಸಾವಿರದ ಒಳಗೆ. ಗ್ಯಾಸು, ಪಂಚು, ಕರೆಂಟು, ಕೂಲಿ ಸೇರಿ 20 ಸಾವಿರ ದಾಟುವುದಿಲ್ಲ. ಕಲಿಯುವುದಕ್ಕೆ ಸುಟ್ಟದ್ದು ಮೂರು ಕ್ವಿಂಟಲ್ ತಂತಿ, ಒಟ್ಟು ನಾಲ್ಕೂವರೆ ಲಕ್ಷದಷ್ಟು.

ನಡುವೆ ಕಂಬಳಿ ಉಣ್ಣೆಗೂ ಒಂದು ತಂತಿ ಮಾಡಿದೆವು. ದಖ್ಖನಿ ಕುರಿಯ ಉಣ್ಣೆ ಒರಟು, ಜಿಡ್ಡು, ಮುಳ್ಳುಕಾಯಿ ಬೇರೆ. ಅದೇ 25 ಡಿಗ್ರಿ ಕೋನ ಹಾಕಿದಾಗ ಉಣ್ಣೆ ಸಿಲಿಂಡರ್ ಬಿಟ್ಟು ಡಾಫರಿಗೆ ಬರಲೇ ಇಲ್ಲ, ಹೆಪ್ಪುಗಟ್ಟಿ ಕೂತಿತು. 15ಕ್ಕೆ ಇಳಿಸಿ, ಪಿಚ್ 3 ಮಿ.ಮೀ. ಮಾಡಿದ ಮೇಲೆ ಬಿಡುತ್ತಿದೆ. ಆದರೂ ತೊಳೆಯದ ಉಣ್ಣೆ ಹಾಕಿದರೆ ಎರಡು ಗಂಟೆಗೊಮ್ಮೆ ಬ್ರಷ್ ಹಾಕಲೇಬೇಕು. ಈಗ ಪ್ರೆಸ್ಸಿನ ಮೇಲೆ ಇರುವುದು 0.5 ಬುಡ, 1.5 ಪಿಚ್, ಅಂದರೆ 860 ಹಲ್ಲಿನದು. ಅದರಲ್ಲಿ ಪಂಚಿನ ಜತೆಗಿನ ಆ ಬೆರಳು ಬಾಗುತ್ತಿದೆ.