ಕಾಲು ಸೋತವರ ಕೈ ನೋಡುವುದು: ನನ್ನ ಅನುಭವ

"ಗುಡ್ಡ ಹತ್ತೋದು ಕಷ್ಟವೋ, ಇಳಿಯೋದು ಕಷ್ಟವೋ?"

ಕಾಲು ಸೋಲುತ್ತದೆ ಎಂದು ಬರುವ ಹಿರಿಯರಿಗೆ ನಾನು ಮೊದಲು ಕೇಳುವುದು ಇದನ್ನೇ. ಮಲೆನಾಡಿನ ತಾಲ್ಲೂಕು ಊರೊಂದರಲ್ಲಿ ಮೂಳೆ ವೈದ್ಯನಾಗಿ ಕೂತವನು ನಾನು. ಇಲ್ಲಿ ಮನೆಯಿಂದ ತೋಟಕ್ಕೆ ಇಳಿಯಬೇಕು, ತೋಟದಿಂದ ಮನೆಗೆ ಹತ್ತಬೇಕು. ಹಾಗಾಗಿ ಯಾರೂ ಉತ್ತರಕ್ಕೆ ತಡವರಿಸುವುದಿಲ್ಲ. ಸೊಂಟದಲ್ಲಿ ಬೆನ್ನುಮೂಳೆಯ ಒಳಗಿನ ಕಾಲುವೆ ಇಕ್ಕಟ್ಟಾದವರು "ಹತ್ತೋದು ಅಡ್ಡಿಲ್ಲ ಡಾಕ್ಟ್ರೇ, ಇಳಿಯುವಾಗ್ಲೇ ಕಾಲು ಜೋಮು ಹಿಡಿಯೋದು" ಎನ್ನುತ್ತಾರೆ. ಹತ್ತುವಾಗ ಮೈ ಮುಂದಕ್ಕೆ ಬಾಗುತ್ತದೆ, ಕಾಲುವೆ ಕೊಂಚ ಅಗಲವಾಗುತ್ತದೆ. ಇಳಿಯುವಾಗ ಬೆನ್ನು ಹಿಂದಕ್ಕೆ ಸೆಟೆಯುತ್ತದೆ, ನರಗಳು ಹಿಚುಕಿಕೊಳ್ಳುತ್ತವೆ. ಕಟ್ಟೆ ಮೇಲೆ ಐದು ನಿಮಿಷ ಕೂತರೆ ಸರಿಹೋಗುತ್ತದೆ. ಸೈಕಲ್ ತುಳಿದರೆ ಇವರಿಗೆ ಏನೂ ಆಗುವುದಿಲ್ಲ. ಕಾಲಿನ ರಕ್ತನಾಳ ಕಟ್ಟಿದವರ ಕಥೆ ಬೇರೆ: ಹತ್ತುವಾಗ ಮೀನಖಂಡ ಹಿಡಿಯುತ್ತದೆ, ಸುಮ್ಮನೆ ನಿಂತರೆ ಸಾಕು ಬಿಡುತ್ತದೆ. ಬೀಡಿ ಸೇದುವವರು ಬಂದರೆ ಪಾದದ ನಾಡಿ ಮುಟ್ಟಿ ನೋಡದೆ ನಾನು ಬೆನ್ನಿನ ಮಾತೇ ಎತ್ತುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬರು ಈ ಎರಡೂ ಅಲ್ಲದ ಉತ್ತರ ಕೊಟ್ಟರು. ವಯಸ್ಸು 62, ಅಡಿಕೆ ಬೆಳೆಗಾರರು. ಕೈಯಲ್ಲಿ ಸೊಂಟದ ಎಂಆರ್‌ಐ ಲಕೋಟೆ. ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವೆ ಇಕ್ಕಟ್ಟು ಎಂದು ವರದಿ, ಆಪರೇಷನ್ ಮಾಡಿಸಿ ಎಂದು ಒಂದು ಕಡೆ ಸಲಹೆಯೂ ಆಗಿತ್ತು.

"ಹತ್ತೋದು ಇಳಿಯೋದು ಅಂತಿಲ್ಲ ಡಾಕ್ಟ್ರೇ. ಸಮತಟ್ಟಲ್ಲೂ ಅಷ್ಟೇ. ಕಾಲು ಹೇಳಿದ ಮಾತು ಕೇಳಲ್ಲ. ಸಂಕ ದಾಟೋದು ಬಿಟ್ಟೇ ಬಿಟ್ಟಿದೀನಿ."

ಸಂಕದ ಮಾತು ಕೇಳಿ ನಾನು ಲಕೋಟೆ ಕೆಳಗಿಟ್ಟೆ. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮರದ ದಿಮ್ಮಿಯ ಮೇಲೆ ನಡೆಯಬೇಕಾದರೆ ಒಂದು ಹೆಜ್ಜೆಯ ಮುಂದೆ ಇನ್ನೊಂದನ್ನು ನೇರವಾಗಿ ಇಡಬೇಕು. ನಾವು ರೋಗಿಯನ್ನು ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಸಿ ನೋಡುತ್ತೇವಲ್ಲ, ಅದೇ ಪರೀಕ್ಷೆ. ಈ ಮನುಷ್ಯ ಅದನ್ನು ತಾವೇ ಮಾಡಿ, ತಾವೇ ಫೇಲಾಗಿ ಬಂದಿದ್ದರು.

ಮಂಚದ ಅಂಚಿನಲ್ಲಿ ಕೂರಿಸಿ ಮಂಡಿಚಿಪ್ಪಿನ ಕೆಳಗೆ ಸುತ್ತಿಗೆ ತಾಗಿಸಿದೆ. ಕಾಲು ಚಿಮ್ಮಿತು. ಇನ್ನೊಂದೂ ಚಿಮ್ಮಿತು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಲೆಕ್ಕ ಇರುವುದು ಇದರಲ್ಲೇ. ಬೆನ್ನುಹುರಿ ಸೊಂಟದ ತಳದವರೆಗೂ ಹೋಗುವುದಿಲ್ಲ. ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಮುಗಿಯುತ್ತದೆ; ಅದರಿಂದ ಕೆಳಗಿರುವುದು ಕುದುರೆ ಬಾಲದ ಹಾಗೆ ಇಳಿಬಿದ್ದ ನರಗಳ ಎಳೆಗಳು ಮಾತ್ರ. ಆ ಎಳೆಗಳನ್ನು ಒತ್ತಿದರೆ ಕಾಲಿನ ಪ್ರತಿಕ್ರಿಯೆ ಮಂಕಾಗಬೇಕು, ಸ್ನಾಯು ಸಡಿಲವಾಗಬೇಕು. ಪ್ರತಿಕ್ರಿಯೆ ಹೀಗೆ ಚುರುಕಾಗಿ, ಕಾಲು ಬಿಗಿಯಾಗಿದೆ ಎಂದರೆ ತೊಂದರೆ ಹುರಿಯಲ್ಲೇ ಇದೆ. ಸೊಂಟದಲ್ಲಿ ಅಲ್ಲ, ಎಲ್ಲೋ ಮೇಲೆ. ಎಂಆರ್‌ಐ ಸುಳ್ಳು ಹೇಳಿರಲಿಲ್ಲ. ಕೇಳಿದ ಜಾಗದ ಬಗ್ಗೆ ಮಾತ್ರ ಹೇಳಿತ್ತು.

"ಕೈ ಹೇಗಿದೆ?" ಎಂದೆ. "ಕೈಗೇನೂ ಆಗಿಲ್ಲ" ಎಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ತಡೆದರು. "ಹಂಗಂತಾರೆ. ಕವಳ ಹಾಕೋಕೆ ಎಲೆಗೆ ಸುಣ್ಣ ಸವರಿ ಕೊಡೋದು ಈಗ ನಾನೇ. ಅಂಗಿ ಗುಂಡಿನೂ ನಾನೇ ಹಾಕ್ಬೇಕು."

ನೋವಿಲ್ಲದಿದ್ದರೆ ಕೈ ಸರಿಯಿದೆ ಎಂದೇ ನಮ್ಮ ಜನ ತಿಳಿಯುತ್ತಾರೆ. ವಯಸ್ಸಾಯಿತು, ಕೈ ನಿಧಾನವಾಯಿತು, ಅಷ್ಟೇ. ಹತ್ತು ಸೆಕೆಂಡಿನಲ್ಲಿ ಎಷ್ಟು ಬಾರಿ ಮುಷ್ಟಿ ಕಟ್ಟಿ ಬಿಡಿಸಬಹುದು ಎಂದು ಮಾಡಿಸಿದೆ. 20 ಸಲವಾದರೂ ಆಗಬೇಕು. ಅವರಿಗೆ 11 ಆಯಿತು, ಬೆರಳು ಪೂರ್ತಿ ಬಿಚ್ಚಲೂ ಇಲ್ಲ. ಕೈ ಚಾಚಿ ಬೆರಳು ಜೋಡಿಸಿ ಹಿಡಿಯಿರಿ ಎಂದರೆ ಎಡಗೈ ಕಿರುಬೆರಳು ತಾನಾಗಿ ದೂರ ಸರಿಯಿತು. ನಡುಬೆರಳ ಉಗುರನ್ನು ಚಿಟಿಕೆಯಂತೆ ಕೆಳಕ್ಕೆ ಮೀಟಿದರೆ ಹೆಬ್ಬೆರಳು ಒಳಕ್ಕೆ ಮಡಚಿತು. ಇದಕ್ಕೆ ಹಾಫ್‌ಮನ್ ಚಿಹ್ನೆ ಎನ್ನುತ್ತೇವೆ; ಕುತ್ತಿಗೆಯ ಮಟ್ಟದಲ್ಲಿ ಹುರಿ ಒತ್ತಿಹೋಗಿರಬಹುದು ಎಂಬ ಸುಳಿವು ಅದು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ವಾಲುತ್ತೀರಾ ಎಂದು ಕೇಳಿದೆ. "ಗೋಡೆ ಹಿಡ್ಕೊಳ್ತೀನಿ" ಎಂದರು. ಇಷ್ಟಕ್ಕೆಲ್ಲ ಹಿಡಿದಿದ್ದು ಹತ್ತು ನಿಮಿಷ.

ಈ ಹತ್ತು ನಿಮಿಷ ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಇಂಥದೇ ದೂರು ಹೇಳಿಕೊಂಡು ಒಬ್ಬ ಹೆಂಗಸು ಬಂದಿದ್ದರು. ಸೊಂಟದ ಎಂಆರ್‌ಐ ಮಾಡಿಸಿದೆ, ಇಕ್ಕಟ್ಟು ಕಂಡಿತು, ಸೊಂಟದ ಆಪರೇಷನ್‌ಗೆ ನಾನೇ ಬರೆದು ಕಳಿಸಿದೆ. ಆರು ತಿಂಗಳಿಗೆ ನಡಿಗೆ ಇನ್ನೂ ಕೆಟ್ಟಿತು. ಕುತ್ತಿಗೆಯಲ್ಲಿ ಹುರಿ ನಜ್ಜಾಗಿದೆ ಎಂದು ಗೊತ್ತಾಗುವಾಗ ಅವರು ಗಾಲಿಕುರ್ಚಿಗೆ ಬಂದಿದ್ದರು. ನಾನು ಅವರ ಕೈ ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ. ಸೊಂಟ ಸವೆದವರಿಗೆ ಕುತ್ತಿಗೆಯೂ ಸವೆದಿರಬಹುದು ಎಂಬುದು ಅಂದು ನನಗೆ ಪಾಠವಾಗಿ ಗೊತ್ತಿತ್ತು, ಅಭ್ಯಾಸವಾಗಿ ಇರಲಿಲ್ಲ.

ಸವೆತ ಎಂದರೆ ಏನು ಎಂದು ಎಲ್ಲರೂ ಕೇಳುತ್ತಾರೆ. ಮೂಳೆ ಕರಗಿಹೋಗುತ್ತಿದೆ ಎಂದೇ ಹೆದರಿರುತ್ತಾರೆ. ನಾನು ಹೇಳುವುದು ಹೀಗೆ: ಎರಡು ಮೂಳೆಗಳ ನಡುವಿನ ಡಿಸ್ಕ್‌ಗೆ ದೊಡ್ಡವರಾದ ಮೇಲೆ ನೇರ ರಕ್ತ ಹರಿಯುವುದಿಲ್ಲ, ಅಕ್ಕಪಕ್ಕದ ಮೂಳೆಯಿಂದ ಒಸರಿದ್ದನ್ನೇ ಅದು ಉಣ್ಣಬೇಕು. ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ಕುಗ್ಗುತ್ತದೆ. ಆಗ ಹಿಂದಿನ ಕೀಲುಗಳ ಮೇಲೆ ಭಾರ ಬೀಳುತ್ತದೆ, ಅವು ದಪ್ಪವಾಗುತ್ತವೆ, ಮೂಳೆಯ ಅಂಚಿಗೆ ಮುಳ್ಳು ಬೆಳೆಯುತ್ತದೆ, ಒಳಗಿನ ಪಟ್ಟಿಯಂಥ ಅಸ್ಥಿರಜ್ಜು ಮಡಚಿ ಕಾಲುವೆಯೊಳಗೆ ಚಾಚುತ್ತದೆ. ಇಷ್ಟೆಲ್ಲ ಆದರೂ ಬಹಳ ಜನರಿಗೆ ಏನೂ ಆಗುವುದಿಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅವಲೋಕನದಲ್ಲಿ, ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳಲ್ಲಿ ಡಿಸ್ಕ್ ಸವೆತ 20ರ ವಯಸ್ಸಿನಲ್ಲೇ ಶೇ 37ರಷ್ಟು, 80ರಲ್ಲಿ ಶೇ 96ರಷ್ಟು ಕಂಡಿತ್ತು. ವರದಿಯ ಪದಗಳನ್ನು ಓದಿ ಹೆದರಿ ಬಂದವರಿಗೆ ನಾನು ಈ ಅಂಕಿಯನ್ನು ಚೀಟಿಯ ಹಿಂದೆ ಬರೆದುಕೊಡುತ್ತೇನೆ.

ಕುತ್ತಿಗೆಯ ವಿಷಯದಲ್ಲಿ ಮಾತ್ರ ಇಂಥ ಸಮಾಧಾನ ಹೇಳಲಾಗದ ಒಂದು ಘಟ್ಟ ಇದೆ. ಅಲ್ಲಿ ಕಾಲುವೆಯ ಅಳತೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. 13ಕ್ಕಿಂತ ಕಡಿಮೆಯಾದರೆ ಇಕ್ಕಟ್ಟು, 10ಕ್ಕಿಂತ ಕಡಿಮೆಯಾದರೆ ಹುರಿಗೆ ಉಸಿರಾಡಲೂ ಜಾಗವಿಲ್ಲ. ನಮ್ಮ ಬೆಳೆಗಾರರ ಕುತ್ತಿಗೆಯ ಎಂಆರ್‌ಐಯಲ್ಲಿ ಮೂರು ಮಟ್ಟಗಳಲ್ಲಿ ಒತ್ತಡ, ಹುರಿಯ ಒಳಗೆ ಬಿಳಿ ಕಲೆ, ಅಂದರೆ ಹುರಿಗೆ ಪೆಟ್ಟಾದ ಗುರುತು. ಕುತ್ತಿಗೆ ನೋವು ಅವರಿಗೆ ಒಂದು ದಿನವೂ ಇರಲಿಲ್ಲ. ಬಿ12 ಪರೀಕ್ಷೆಯನ್ನೂ ಮಾಡಿಸಿದೆ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕೊರತೆಯಿಂದಲೂ ಹುರಿ ಹೀಗೇ ಸೋಲುತ್ತದೆ, ಎರಡೂ ಒಟ್ಟಿಗೆ ಇರುವುದೂ ಉಂಟು. ಅವರದು ಸರಿಯಿತ್ತು. ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ಮರೆಯುವಂತಿಲ್ಲ, ಅದೂ ಇರಲಿಲ್ಲ.

ಅವರ ಮುಂದಿನ ಪ್ರಶ್ನೆ: "ಟ್ರಾಕ್ಷನ್ ಹಾಕಿಸ್ಕೊಂಡ್ರೆ ಆಗದಾ?" ಕುತ್ತಿಗೆಗೆ ಭಾರ ಕಟ್ಟಿ ಎಳೆಯುವ ಆ ಚಿಕಿತ್ಸೆ ಬೇಡ ಎಂದೆ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿ ನೆಟಿಗೆ ತೆಗೆಸುವುದು ಅವರ ರೂಢಿ ಎಂದು ಆಗ ಗೊತ್ತಾಯಿತು. ಅದನ್ನು ಅಂದಿನಿಂದಲೇ ನಿಲ್ಲಿಸಲು ಕೈಮುಗಿದು ಹೇಳಿದೆ. ಹುರಿಯ ತೊಂದರೆ ಎಷ್ಟಿದೆ ಎಂದು ನಾವು 18 ಅಂಕಗಳ ಅಳತೆಗೋಲಿನಲ್ಲಿ ನೋಡುತ್ತೇವೆ: ಕೈ, ಕಾಲು, ಸ್ಪರ್ಶ, ಮೂತ್ರ. 15ರಿಂದ 17 ಬಂದರೆ ಸೌಮ್ಯ, ಜಾಗ್ರತೆಯಿಂದ ಕಾದು ನೋಡುವ ಅವಕಾಶ ಇದೆ. ಅವರದು 12. ಮಧ್ಯಮ ಮತ್ತು ತೀವ್ರ ಹಂತದಲ್ಲಿ ಆಪರೇಷನ್ ಬಿಟ್ಟು ಬೇರೆ ದಾರಿಯನ್ನು ನಾನು ಹೇಳುವುದಿಲ್ಲ.

ಕುತ್ತಿಗೆಯ ಆಪರೇಷನ್ ನಾನು ಮಾಡುವವನಲ್ಲ. ದೊಡ್ಡ ಊರಿನ ಸರ್ಜನರಿಗೆ ಫೋನು ಮಾಡಿ, ಕುತ್ತಿಗೆ ಮೊದಲು, ಸೊಂಟ ಬೇಕಾದರೆ ಆಮೇಲೆ ಎಂದು ಪತ್ರ ಬರೆದೆ. ಅವರು ಕುತ್ತಿಗೆಯ ಹಿಂಬದಿಯಿಂದ ಹೋಗಿ ಲ್ಯಾಮಿನೋಪ್ಲಾಸ್ಟಿ ಮಾಡಿದರು. ಮೂಳೆಯ ಹಿಂಬದಿಯ ಕಮಾನನ್ನು ಒಂದು ಬದಿ ಪೂರ್ತಿ ಕತ್ತರಿಸಿ, ಇನ್ನೊಂದು ಬದಿ ಬಿಜಾಗರಿಯಂತೆ ಉಳಿಸಿ, ಬಾಗಿಲು ತೆರೆದ ಹಾಗೆ ತೆರೆದಿಡುವುದು. 1970ರ ದಶಕದಲ್ಲಿ ಜಪಾನಿನ ಸರ್ಜನರು ರೂಪಿಸಿದ ವಿಧಾನ ಇದು. ಆಪರೇಷನ್‌ಗೆ ಹೋಗುವ ಮುನ್ನ ಬೆಳೆಗಾರರನ್ನೂ ಅವರ ಮಗನನ್ನೂ ಕೂರಿಸಿ ಒಂದು ಮಾತು ಸ್ಪಷ್ಟವಾಗಿ ಹೇಳಿದ್ದೆ: ಇನ್ನಷ್ಟು ಕೆಡದಂತೆ ತಡೆಯುವುದಕ್ಕೆ ಈ ಆಪರೇಷನ್. ಹೋದದ್ದರಲ್ಲಿ ಎಷ್ಟು ವಾಪಸು ಬಂದರೂ ಅದು ಲಾಭ. ಬರುವುದರ ಹೆಚ್ಚಿನ ಪಾಲು ಮೊದಲ ಆರು ತಿಂಗಳಲ್ಲೇ ಬರುತ್ತದೆ.

ಆ ಆರು ತಿಂಗಳು ನಮ್ಮ ಫಿಸಿಯೋಥೆರಪಿಸ್ಟ್ ಹುಡುಗಿ ಅವರನ್ನು ಬಿಡಲಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಎಳೆದು ನಡೆಸಿದಳು. ತಟ್ಟೆಯಲ್ಲಿ ಅಕ್ಕಿ, ಹೆಸರುಕಾಳು ಬೆರೆಸಿಟ್ಟು ಬೆರಳಿನಿಂದ ಬೇರೆ ಮಾಡಿಸಿದಳು. ಮುಷ್ಟಿಯ ಲೆಕ್ಕ 11ರಿಂದ 17ಕ್ಕೆ ಬಂತು, ಅಲ್ಲಿಗೇ ನಿಂತಿತು. ಸೊಂಟದ ಆಪರೇಷನ್ ಬೇಕಾಗಲಿಲ್ಲ. ಆ ಇಕ್ಕಟ್ಟು ಈಗಲೂ ಅಲ್ಲೇ ಇದೆ. ಮೂತ್ರ ಕಟ್ಟಿದರೆ ಅಥವಾ ಕೂರುವ ಜಾಗ ಮರಗಟ್ಟಿದರೆ ರಾತ್ರಿಯಾದರೂ ಸರಿ, ಹೊರಟು ಬನ್ನಿ ಎಂದು ಹೇಳಿಟ್ಟಿದ್ದೇನೆ.

ಹೋದ ಸಲ ಕೊಯ್ಲಿನ ಹೊತ್ತಿಗೆ ಬಂದಿದ್ದರು. ಕವಳದ ಸಂಚಿ ತೆಗೆದು, ಎಲೆಯ ಬೆನ್ನಿಗೆ ಬಲಗೈ ಬೆರಳಿನಿಂದ ಸುಣ್ಣ ಸವರಿದರು. ನಿಧಾನವಾಗಿ, ಅಂಚಿಗೂ ಕೊಂಚ ಮೆತ್ತಿಕೊಂಡು. ಸಂಕ ದಾಟುತ್ತೀರಾ ಎಂದು ಕೇಳಿದೆ.

"ಮಗ ಪಕ್ಕಕ್ಕೆ ಬಿದಿರು ಕಟ್ಟಿದಾನೆ. ಹಿಡ್ಕೊಂಡು ದಾಟ್ತೀನಿ."